ಅಂಬೆಗಾಲಿನ ಚರಿತ್ರೆ: ಮಗುವಿಗೆ ತಿಂಗಳ ಲೆಕ್ಕ ಹಾಕಿದವರು ಯಾರು?

1/9

ಚನ್ನಪಟ್ಟಣ ದಾಟಿ ಮೈಸೂರಿನ ಕಡೆ ಒಂದಷ್ಟು ದೂರ ಹೋದರೆ ದೊಡ್ಡಮಳೂರು. ಅಲ್ಲಿನ ಅಪ್ರಮೇಯ ಸ್ವಾಮಿ ದೇವಸ್ಥಾನದಲ್ಲಿರೋ ಅಂಬೆಗಾಲು ಕೃಷ್ಣನನ್ನ ನಿಮ್ಮಲ್ಲಿ ಸುಮಾರು ಜನ ನೋಡಿರ್ತೀರಿ. ಕೈಯಲ್ಲಿ ಬೆಣ್ಣೆ, ಮಂಡಿ ನೆಲಕ್ಕೆ, ಮುಖ ಮೇಲಕ್ಕೆ. ಮಕ್ಕಳಾಗಲಿ ಅಂತ ಹರಕೆ ಹೊತ್ತವರು ಇಲ್ಲಿ ಪುಟ್ಟ ತೊಟ್ಟಿಲು ಒಪ್ಪಿಸ್ತಾರೆ. ಪುರಂದರದಾಸರು ‘ಜಗದೋದ್ಧಾರನ’ ಹಾಡಿದ್ದು ಈ ಕೃಷ್ಣನನ್ನ ನೋಡಿಯೇ ಅನ್ನೋ ಪ್ರತೀತಿಯೂ ಇದೆ.

ದೇವರನ್ನೇ ಅಂಬೆಗಾಲಿಡಿಸಿ ಕೈಮುಗಿಯೋ ನಮಗೆ ಈ ಮಾತು ವಿಚಿತ್ರ ಅನ್ನಿಸಬಹುದು: ಮುನ್ನೂರು ನಾನೂರು ವರ್ಷಗಳ ಹಿಂದೆ ಯುರೋಪಿನ ಎಷ್ಟೋ ಮನೆಗಳಲ್ಲಿ ಮಗು ಅಂಬೆಗಾಲಿಡೋದನ್ನ ಕಂಡರೆ ಆಗ್ತಿರಲಿಲ್ಲ. ನಾಲ್ಕು ಕಾಲಲ್ಲಿ ನಡೆಯೋದು ಪ್ರಾಣಿಗಳ ಲಕ್ಷಣ, ಮನುಷ್ಯನ ಮಗು ನೇರವಾಗಿ ಎದ್ದು ನಿಲ್ಲಬೇಕು ಅನ್ನೋದು ಅವರ ನಂಬಿಕೆ.

ಈ ಸರಣಿ ಅದರ ಬಗ್ಗೆ. ಮಗು ಬೋರಲಾಗೋದು, ಕೂರೋದು, ಅಂಬೆಗಾಲಿಡೋದು, ನಡೆಯೋದು, ಇಷ್ಟಕ್ಕೆ ದೊಡ್ಡವರು ಕಳೆದ ಐನೂರು ಅರುನೂರು ವರ್ಷಗಳಲ್ಲಿ ಏನೆಲ್ಲ ಮಾಡಿದ್ದಾರೆ, ಅದರಲ್ಲಿ ಯಾವುದು ಮಗುವಿಗೆ ಉಪಯೋಗವಾಯ್ತು, ಯಾವುದು ತೊಂದರೆಯಾಯ್ತು ಅಂತ ನೋಡೋಣ. ರಾತ್ರಿ 2 ಗಂಟೆಗೆ ಹಾಲು ಕುಡಿಸ್ತಾ ಇನ್ನೊಂದು ಕೈಯಲ್ಲಿ ಫೋನ್ ಹಿಡಿದು ‘7 ತಿಂಗಳಿಗೆ ಮಗು ಏನು ಮಾಡಬೇಕು’ ಅಂತ ಹುಡುಕೋ ಅಮ್ಮಂದಿರು ನಿಮ್ಮಲ್ಲೇ ಇದ್ದೀರಿ. ಆ ‘7 ತಿಂಗಳಿಗೆ’ ಅನ್ನೋ ಲೆಕ್ಕವನ್ನ ಯಾರು, ಯಾವ ಮಕ್ಕಳನ್ನ ನೋಡಿ ಬರೆದರು ಅಂತ ಗೊತ್ತಾದರೆ ಫೋನ್ ಕೆಳಗಿಡೋದು ಸ್ವಲ್ಪ ಸುಲಭ ಆಗುತ್ತೆ.

2/9

ನ್ಯೂಯಾರ್ಕಿನ ಮಾರ್ಗನ್ ಲೈಬ್ರರಿಯಲ್ಲಿ ಒಂದು ಪ್ರಾರ್ಥನಾ ಪುಸ್ತಕ ಇದೆ. ಸುಮಾರು 1440ರಲ್ಲಿ ಈಗಿನ ನೆದರ್ಲ್ಯಾಂಡ್ಸ್ ಭಾಗದ ಒಬ್ಬ ಡಚೆಸ್, ಕ್ಯಾಥರೀನ್ ಆಫ್ ಕ್ಲೀವ್ಸ್‌ಗಾಗಿ ಮಾಡಿದ್ದು. ಅದರ ಒಂದು ಪುಟ ನೋಡಿದರೆ ನಗು ಬರುತ್ತೆ. ಜೋಸೆಫ್ ಮರಗೆಲಸ ಮಾಡ್ತಿದ್ದಾನೆ, ಮೇರಿ ಮಗ್ಗದ ಮುಂದೆ ಇದ್ದಾಳೆ, ಬಾಲಯೇಸು ವಾಕರ್‌ನಲ್ಲಿ ನಿಂತಿದ್ದಾನೆ! ಮರದ ಚೌಕಟ್ಟು, ಕೆಳಗೆ ಪುಟ್ಟ ಚಕ್ರ. ಇವತ್ತು ಅಂಗಡಿಯಲ್ಲಿ ಸಿಗೋ ಪ್ಲಾಸ್ಟಿಕ್ ವಾಕರ್‌ನ ಮುತ್ತಜ್ಜ.

ಆಗಿನ ಪದ್ಧತಿ ಹೀಗಿತ್ತು: ಹುಟ್ಟಿದ ಮಗುವನ್ನ ಉದ್ದನೆ ಬಟ್ಟೆಪಟ್ಟಿಯಲ್ಲಿ ಕತ್ತಿನಿಂದ ಕಾಲಿನ ತನಕ ಬಿಗಿಯಾಗಿ ಸುತ್ತೋದು. ಹಾಗೆ ಸುತ್ತದಿದ್ದರೆ ಕೈಕಾಲು ಸೊಟ್ಟ ಆಗುತ್ತೆ ಅಂತ ಭಯ. ತಿಂಗಳುಗಳು ಕಳೆದ ಮೇಲೆ ಪಟ್ಟಿ ಬಿಚ್ಚಿ ನೇರ ವಾಕರ್‌ಗೆ ಹಾಕೋದು. ನೆಲದ ಮೇಲೆ ಹೊರಳೋ, ತೆವಳೋ ಕಾಲವನ್ನೇ ಹಾರಿಸಿಬಿಡೋದು.

ಬಿಗಿಯಾಗಿ ಸುತ್ತೋದರಿಂದ ಆಗೋ ತೊಂದರೆ ಎಷ್ಟು ಅಂತ ಸ್ಪಷ್ಟವಾಗಿ ತೋರಿಸಿದ್ದು ಜಪಾನ್. ಅಲ್ಲಿ ಮಗುವಿನ ಕಾಲುಗಳನ್ನ ನೇರ ಎಳೆದು ಬಟ್ಟೆ ಸುತ್ತೋ ಅಭ್ಯಾಸ ಇತ್ತು. 100 ಮಕ್ಕಳಲ್ಲಿ ಒಂದಕ್ಕೋ ಅದಕ್ಕಿಂತ ಹೆಚ್ಚಿಗೋ ಸೊಂಟದ ಕೀಲು ಜಾರ್ತಿತ್ತು. 1975ರಿಂದ ದೇಶದ ಉದ್ದಗಲಕ್ಕೂ ಪ್ರಚಾರ ನಡೀತು: ಕಾಲನ್ನ ನೇರ ಮಾಡಿ ಕಟ್ಟಬೇಡಿ, ಕಪ್ಪೆಯ ಹಾಗೆ ಮಡಚಿಕೊಳ್ಳೋಕೆ ಬಿಡಿ ಅಂತ. ಆ ಪ್ರಮಾಣ ಶೇ. 0.2ಕ್ಕಿಂತ ಕೆಳಗಿಳೀತು. ಔಷಧಿ ಇಲ್ಲ, ಆಪರೇಷನ್ ಇಲ್ಲ, ಬಟ್ಟೆ ಸುತ್ತೋ ರೀತಿ ಬದಲಾಯ್ತು ಅಷ್ಟೆ. ನಮ್ಮಲ್ಲೂ ಮಗುವನ್ನ ಬಟ್ಟೆಯಲ್ಲಿ ಸುತ್ತಿ ಮಲಗಿಸ್ತೀವಲ್ಲ, ಸೊಂಟದ ಕೆಳಗೆ ಸಡಿಲ ಇರಬೇಕು ಅನ್ನೋದು ಇದಕ್ಕೇ.

ಇನ್ನು ವಾಕರ್. ಅದರಲ್ಲಿ ಓಡಾಡಿದ ಮಕ್ಕಳು ಬೇಗ ನಡೆಯಲ್ಲ, ಸ್ವಲ್ಪ ತಡವಾಗಿಯೇ ನಡೀತಾರೆ ಅಂತ ಅಧ್ಯಯನಗಳು ತೋರಿಸಿವೆ. ಅದರ ಮೇಲೆ ಮೆಟ್ಟಿಲಿನಿಂದ ಉರುಳಿ ತಲೆಗೆ ಏಟು ಮಾಡಿಕೊಂಡ ಮಕ್ಕಳು. ಕೆನಡಾ 2004ರಲ್ಲಿ ವಾಕರ್ ಮಾರೋದನ್ನ, ಆಮದು ಮಾಡೋದನ್ನ ನಿಷೇಧಿಸಿತು. ಹಳೇದನ್ನ ಮಾರೋದೂ ಅಲ್ಲಿ ತಪ್ಪು. ನಮ್ಮಲ್ಲಿ ಇನ್ನೂ ನಾಮಕರಣಕ್ಕೆ ಉಡುಗೊರೆ ಕೊಡ್ತೀವಿ.

(ನಮ್ಮ ಊರುಗಳ ಮೂರು ಚಕ್ರದ ಮರದ ತಳ್ಳುಗಾಡಿ ಬೇರೆ ಜಾತಿ. ಅದರೊಳಗೆ ಮಗು ಕೂರಲ್ಲ. ತಾನೇ ಎದ್ದು ನಿಲ್ಲೋಕೆ ಬಂದ ಮೇಲೆ ಹಿಡಿದು ತಳ್ಳುತ್ತೆ. ವಾಕರ್ ಅಂತ ಅದನ್ನೂ ಸೇರಿಸಿ ಬೈಯೋದು ಬೇಡ.)

3/9

ಈಗ ತಿಂಗಳ ಲೆಕ್ಕಕ್ಕೆ ಬರೋಣ. ಇದರ ಹಿಂದೆ ಇರೋ ದೊಡ್ಡ ಹೆಸರು ಆರ್ನಾಲ್ಡ್ ಗೆಸೆಲ್. ಅಮೆರಿಕದ ನ್ಯೂ ಹೇವನ್ ಊರಿನ ಯೇಲ್ ವಿಶ್ವವಿದ್ಯಾಲಯದಲ್ಲಿ ಇದ್ದವರು. ಅವರ ಪ್ರಯೋಗಶಾಲೆಯ ಫೋಟೋ ಎಲ್ಲಾದರೂ ಸಿಕ್ಕರೆ ನೋಡಿ, ಗುಮ್ಮಟದ ಆಕಾರದ ಒಂದು ಕೋಣೆ. ಒಳಗೆ ಮಗು, ಸುತ್ತ ಕ್ಯಾಮೆರಾ. ಹೊರಗೆ ನಿಂತವರಿಗೆ ಮಗು ಕಾಣುತ್ತೆ, ಮಗುವಿಗೆ ಅವರು ಕಾಣಲ್ಲ. ಮಗು ಹೊರಳೋದು, ಕೈ ಚಾಚೋದು, ಏಳೋದು ಎಲ್ಲವನ್ನೂ ಫಿಲ್ಮಿನಲ್ಲಿ ಹಿಡಿದು, ಒಂದೊಂದೇ ಚೌಕಟ್ಟು ನೋಡಿ, ಯಾವ ವಾರಕ್ಕೆ ಏನು ಅಂತ ಬರೆದಿಟ್ಟರು. ನಿಮ್ಮ ಫೋನಿನ ಬೇಬಿ ಆ್ಯಪ್ ಮೂಲ ಹುಡುಕ್ತಾ ಹೋದರೆ ಈ ಗುಮ್ಮಟದ ಹತ್ತಿರ ಬಂದು ನಿಲ್ತೀರಿ.

ಕೆಲಸ ಅದ್ಭುತವೇ. ಆದರೆ ಆ ಗುಮ್ಮಟದೊಳಗೆ ಬಂದ ಮಕ್ಕಳು ಯಾರು? ನೂರಕ್ಕೆ ಸ್ವಲ್ಪ ಹೆಚ್ಚು ಮಕ್ಕಳು. ಬಹುತೇಕ ಎಲ್ಲರೂ ಒಂದೇ ಊರಿನ ಮಧ್ಯಮ ವರ್ಗದ ಮನೆಯವರು, ಉತ್ತರ ಯುರೋಪಿನ ಮೂಲದವರು. ಬೇಕಂತಲೇ ಒಂದೇ ಥರದವರನ್ನ ಆರಿಸಿದ್ದರು, ಲೆಕ್ಕ ಅಚ್ಚುಕಟ್ಟಾಗಿ ಬರಲಿ ಅಂತ. ಆ ಮಕ್ಕಳ ಸರಾಸರಿ ಮುಂದೆ ಲೋಕದ ಮಕ್ಕಳಿಗೆಲ್ಲ ಅಳತೆಗೋಲಾಯ್ತು. ಇನ್ನೊಂದು ಮಾತು: ಸರಾಸರಿ ಅಂದರೆ ಹೆಚ್ಚುಕಮ್ಮಿ ಅರ್ಧ ಮಕ್ಕಳು ಅದಕ್ಕಿಂತ ತಡವಾಗಿ ಮಾಡ್ತಾರೆ ಅಂತಲೇ ಅರ್ಥ. ಗೋಡೆಗೆ ಅಂಟಿಸೋ ಪಟ್ಟಿಯಲ್ಲಿ ಈ ಅರ್ಥ ಉಳಿಯಲಿಲ್ಲ.

ಗೆಸೆಲ್ ಮತ್ತು ಅವರ ಸಹೋದ್ಯೋಗಿ ಹೆಲೆನ್ ಥಾಂಪ್ಸನ್ 1929ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಇವತ್ತಿಗೂ ಹೇಳೋಕೆ ಚೆನ್ನಾಗಿದೆ. ಒಂದೇ ರೂಪದ ಅವಳಿ ಹೆಣ್ಣುಮಕ್ಕಳು. ಒಬ್ಬಳಿಗೆ 46 ವಾರ ತುಂಬಿದಾಗಿನಿಂದ 6 ವಾರ ಮೆಟ್ಟಿಲು ಹತ್ತೋ ಅಭ್ಯಾಸ ಮಾಡಿಸಿದರು. ಇನ್ನೊಬ್ಬಳಿಗೆ ಮೆಟ್ಟಿಲೇ ತೋರಿಸಲಿಲ್ಲ. ತರಬೇತಿ ಮುಗಿದಾಗ ಮೊದಲನೆಯವಳು 26 ಸೆಕೆಂಡಿನಲ್ಲಿ ಮೆಟ್ಟಿಲು ಹತ್ತಿದಳು. 53ನೇ ವಾರ ಎರಡನೆಯವಳನ್ನ ಮೊದಲ ಸಲ ಮೆಟ್ಟಿಲ ಮುಂದೆ ಬಿಟ್ಟರೆ, ಯಾರೂ ಹೇಳಿಕೊಡದೆ 45 ಸೆಕೆಂಡಿನಲ್ಲಿ ಹತ್ತೇಬಿಟ್ಟಳು. ಎರಡು ವಾರ ಅಭ್ಯಾಸ ಆದ ಮೇಲೆ 10 ಸೆಕೆಂಡು ಸಾಕಾಯ್ತು.

ಆರು ವಾರದ ಟ್ಯೂಷನ್ ಹೀಗೆ ಎರಡೇ ವಾರದಲ್ಲಿ ಸರಿಸಮ ಆಯ್ತು. ದೇಹ ತಯಾರಾಗೋ ತನಕ ಪಾಠ ಹೇಳಿ ಪ್ರಯೋಜನ ಇಲ್ಲ ಅಂದರು ಗೆಸೆಲ್.

4/9

ಹಾಗಾದರೆ ಮಗುವನ್ನ ಸುಮ್ಮನೆ ಬಿಟ್ಟರೆ ಸಾಕಾ? ನ್ಯೂಯಾರ್ಕಿನಲ್ಲಿ ಮರ್ಟಲ್ ಮೆಗ್ರಾ ಅನ್ನೋ ವಿಜ್ಞಾನಿ ಇದನ್ನೇ ಇನ್ನೊಂದು ಅವಳಿ ಜೋಡಿಯಲ್ಲಿ ಪರೀಕ್ಷೆ ಮಾಡಿದರು. ಜಾನಿ ಮತ್ತು ಜಿಮ್ಮಿ, 1932ರಲ್ಲಿ ಹುಟ್ಟಿದವರು. ಜಾನಿಗೆ ದಿನಾ ತರಬೇತಿ: ಇಳಿಜಾರು ಹತ್ತೋದು, ಈಜೋದು, ರೋಲರ್ ಸ್ಕೇಟಿಂಗ್. ಸರಿಯಾಗಿ ನಡೆಯೋಕೆ ಬರೋ ವಯಸ್ಸಿನಲ್ಲಿ ಅವನು ಚಕ್ರದ ಬೂಟು ಹಾಕಿಕೊಂಡು ಜಾರ್ತಿದ್ದ. ಜಿಮ್ಮಿಗೆ ತೊಟ್ಟಿಲು, ನಾಲ್ಕು ಆಟಿಕೆ. ಪತ್ರಿಕೆಯವರಿಗೆ ಹಬ್ಬ.

ಕೂರೋದು, ನಡೆಯೋದು ಇಬ್ಬರಿಗೂ ಹೆಚ್ಚುಕಮ್ಮಿ ಒಂದೇ ಹೊತ್ತಿಗೆ ಬಂತು. ಆದರೆ ಕಲಿಸಿದ ವಿಶೇಷ ವಿದ್ಯೆಗಳಲ್ಲಿ ಜಾನಿ ಬಹಳ ಮುಂದಿದ್ದ. 1935ರಲ್ಲಿ ಮೆಗ್ರಾ ಇದನ್ನ ಪುಸ್ತಕವಾಗಿ ಬರೆದರು. ಎಲ್ಲ ವಿದ್ಯೆಯೂ ಒಂದೇ ಥರ ಅಲ್ಲ, ಕೆಲವನ್ನ ಅಭ್ಯಾಸ ಬದಲಾಯಿಸುತ್ತೆ, ಕೆಲವನ್ನ ಬದಲಾಯಿಸಲ್ಲ ಅನ್ನೋದು ಅವರ ಮಾತು. ಪತ್ರಿಕೆಗಳಿಗೆ ಅಷ್ಟು ತಾಳ್ಮೆ ಎಲ್ಲಿ? ಯಾರು ಗೆದ್ದರು ಅಂತಷ್ಟೇ ಕೇಳಿದವು.

ಇದೇ ಜಾಡಿನಲ್ಲಿ ಇನ್ನೊಂದು ಒಗಟು. ಹುಟ್ಟಿದ ಮಗುವನ್ನ ಕಂಕುಳು ಹಿಡಿದು ಪಾದ ನೆಲಕ್ಕೆ ತಾಗಿಸಿದರೆ ಹೆಜ್ಜೆ ಇಟ್ಟ ಹಾಗೆ ಮಾಡುತ್ತೆ. ಸುಮಾರು ಎರಡು ತಿಂಗಳಿಗೆ ಅದು ಮಾಯ. ಮೆದುಳು ಬೆಳೆದು ಅದನ್ನ ಅಡಗಿಸುತ್ತೆ ಅಂತ ದಶಕಗಟ್ಟಲೆ ಪಾಠ ಮಾಡಿದರು. 1984ರಲ್ಲಿ ಅಮೆರಿಕದ ಎಸ್ತರ್ ಥೆಲೆನ್ ಮತ್ತು ಸಂಗಡಿಗರು ಒಂದು ಸರಳ ಕೆಲಸ ಮಾಡಿದರು. ಹೆಜ್ಜೆ ಕಡಿಮೆಯಾಗ್ತಿದ್ದ ಮಕ್ಕಳನ್ನ ನೀರಿನ ತೊಟ್ಟಿಯಲ್ಲಿ ಎದೆಮಟ್ಟ ಇಳಿಸಿ ಹಿಡಿದರು. ಹೆಜ್ಜೆ ವಾಪಸ್ ಬಂತು! ಕಾಲಿಗೆ ಪುಟ್ಟ ತೂಕ ಕಟ್ಟಿದರೆ ಕಡಿಮೆಯಾಯ್ತು. ಮೆದುಳು ಏನನ್ನೂ ಅಡಗಿಸಿರಲಿಲ್ಲ. ಎರಡು ತಿಂಗಳಲ್ಲಿ ಮಗುವಿನ ತೊಡೆ ದುಂಡಗಾಗಿತ್ತು, ಎತ್ತೋ ಶಕ್ತಿ ಸಾಲ್ತಿರಲಿಲ್ಲ, ಅಷ್ಟೆ.

ಇದು ಚಿಕ್ಕ ವಿಷಯ ಅಲ್ಲ. ಮಗುವಿನ ಚಲನೆ ತಲೆಯೊಳಗಿನ ಗಡಿಯಾರವೊಂದರಿಂದಲೇ ಬರಲ್ಲ. ತೂಕ, ಬಲ, ನೆಲ, ಬಟ್ಟೆ, ಸುತ್ತ ಇರೋ ಕೈಗಳು ಎಲ್ಲ ಸೇರಿ ಬರುತ್ತೆ ಅಂತಾಯ್ತು.

5/9

ಈ ಭಾಗ ಓದೋಕೆ ಸ್ವಲ್ಪ ಕಷ್ಟ. ಓದಿ, ಇದೇ ಮುಖ್ಯ.

ವೇಯ್ನ್ ಡೆನಿಸ್ ಅಂತ ಒಬ್ಬ ಮನಶ್ಶಾಸ್ತ್ರಜ್ಞ. 1940ರಲ್ಲಿ ಅವರು ಮತ್ತು ಅವರ ಹೆಂಡತಿ ಮಾರ್ಸೇನಾ, ಅಮೆರಿಕದ ಹೋಪಿ ಬುಡಕಟ್ಟಿನ ಮಕ್ಕಳ ಬಗ್ಗೆ ಬರೆದರು. ಹೋಪಿ ತಾಯಂದಿರು ಮಗುವನ್ನ ಮೊದಲ ತಿಂಗಳುಗಳಲ್ಲಿ ಹಲಗೆಗೆ ಕಟ್ಟಿ ಮಲಗಿಸ್ತಿದ್ದರು. ಕೆಲವು ಹಳ್ಳಿಯವರು ಆ ಪದ್ಧತಿ ಬಿಟ್ಟಿದ್ದರು. ಎರಡೂ ಕಡೆ ಮಕ್ಕಳು ನಡೆದದ್ದು ಒಂದೇ ವಯಸ್ಸಿಗೆ. ಡೆನಿಸ್‌ಗೂ ಆಗ ಅನ್ನಿಸಿದ್ದು ಗೆಸೆಲ್‌ಗೆ ಅನ್ನಿಸಿದ್ದೇ: ನಡಿಗೆ ತಾನಾಗಿ ಬರುತ್ತೆ, ಏನು ಮಾಡಿದರೂ ಬರುತ್ತೆ.

ಇಪ್ಪತ್ತು ವರ್ಷ ಆದ ಮೇಲೆ, 1960ರಲ್ಲಿ, ಅದೇ ಡೆನಿಸ್ ಟೆಹರಾನಿನ ಮೂರು ಅನಾಥಾಲಯಗಳ ವರದಿ ಪ್ರಕಟಿಸಿದರು. ಮೊದಲನೆಯದರಲ್ಲಿ ಹಸುಗೂಸುಗಳು ದಿನವಿಡೀ ತೊಟ್ಟಿಲಲ್ಲಿ ಅಂಗಾತ ಮಲಗಿರ್ತಿದ್ದವು. ಬೋರಲು ಹಾಕೋರಿಲ್ಲ, ಎತ್ತಿ ಕೂರಿಸೋರಿಲ್ಲ. ಹಾಲಿನ ಬಾಟ್ಲಿಯನ್ನ ದಿಂಬಿಗೆ ಒರಗಿಸಿ ಬಾಯಿಗಿಡ್ತಿದ್ದರು. ಆಟಿಕೆ ಇಲ್ಲ. ಒಂದು ವರ್ಷ ದಾಟಿ ಎರಡರೊಳಗಿನ ಮಕ್ಕಳಲ್ಲಿ ಅರ್ಧಕ್ಕೂ ಕಡಿಮೆ ಮಕ್ಕಳು ತಾವಾಗಿ ಕೂರ್ತಿದ್ದರು. ಒಬ್ಬರೂ ನಡೀತಿರಲಿಲ್ಲ. ಆಮೇಲೆ ಓಡಾಡೋಕೆ ಶುರುಮಾಡಿದ ಮಕ್ಕಳೂ ಅಂಬೆಗಾಲಿಡಲಿಲ್ಲ. ಕೂತಲ್ಲೇ ಕುಂಡಿ ಎಳೀತಾ ಮುಂದೆ ಸರೀತಿದ್ದರು. ಯಾಕೆ? ಬೋರಲು ಮಲಗಿ ಗೊತ್ತೇ ಇಲ್ಲದ ಮಗುವಿಗೆ ಕೈ ಊರಿ ಎದೆ ಎತ್ತೋ ಅಭ್ಯಾಸ ಎಲ್ಲಿಂದ ಬರಬೇಕು?

ಮೂರನೆಯ ಮನೆ ಅದೇ ಊರಲ್ಲಿ ಮಾದರಿಯಾಗಿ ನಡೆಸ್ತಿದ್ದದ್ದು. ಅಲ್ಲಿ ಮಗುವನ್ನ ತೋಳಲ್ಲಿ ಹಿಡಿದು ಹಾಲು ಕುಡಿಸ್ತಿದ್ದರು. ಬೋರಲು ಹಾಕ್ತಿದ್ದರು, ಆಸರೆ ಕೊಟ್ಟು ಕೂರಿಸ್ತಿದ್ದರು, ಆಡೋಕೆ ಬಿಡ್ತಿದ್ದರು. ಅಲ್ಲಿಯ ಮಕ್ಕಳು ಬಂದದ್ದು ಮೊದಲನೆಯ ಅನಾಥಾಲಯದಿಂದಲೇ, ಅದರಲ್ಲೂ ಹೆಚ್ಚು ಹಿಂದುಳಿದಿದ್ದಾರೆ ಅನ್ನಿಸಿದವರನ್ನ ಆರಿಸಿ ಕಳಿಸಿದ್ದರು. ಆ ಮಕ್ಕಳಲ್ಲಿ ಹೆಚ್ಚಿನವರು ಅಂಬೆಗಾಲಿಟ್ಟರು, ನಡೆದರು.

ತಾನು ಇಪ್ಪತ್ತು ವರ್ಷ ಹಿಂದೆ ಹೇಳಿದ್ದಕ್ಕೆ ವಿರುದ್ಧ ಬಂದ ಫಲಿತಾಂಶವನ್ನ ಡೆನಿಸ್ ತಾವೇ ಬರೆದು ಪ್ರಕಟಿಸಿದರು ನೋಡಿ, ನನಗೆ ಅದು ಇಷ್ಟ. ಹೋಪಿ ಮಗು ಹಲಗೆಯಲ್ಲಿದ್ದರೂ ಹಾಲಿಗೆ, ಸ್ನಾನಕ್ಕೆ, ಬಟ್ಟೆ ಬದಲಿಸೋಕೆ ದಿನಕ್ಕೆ ಹಲವು ಸಲ ಯಾರದೋ ಕೈಗೆ ಬರ್ತಿತ್ತು, ದಿನ ಕಳೆದ ಹಾಗೆ ಹಲಗೆಯ ಹೊತ್ತು ಕಡಿಮೆಯಾಗ್ತಿತ್ತು. ಟೆಹರಾನಿನ ಮಗುವಿಗೆ ಆ ಕೈಗಳು ಇರಲಿಲ್ಲ.

6/9

ಅನಾಥಾಲಯ ಅಂದರೆ ಹೀಗೇ ಇರಬೇಕು ಅಂತಿಲ್ಲ. ಬುಡಾಪೆಸ್ಟಿಗೆ ಹೋಗೋಣ.

ಎಮ್ಮಿ ಪಿಕ್ಲರ್, 1902ರಲ್ಲಿ ವಿಯೆನ್ನಾದಲ್ಲಿ ಹುಟ್ಟಿದ ಮಕ್ಕಳ ಡಾಕ್ಟರು. ಅಲ್ಲಿಯೇ ಓದಿದರು. ಆಮೇಲೆ ಹಂಗೇರಿಯ ಬುಡಾಪೆಸ್ಟಿನಲ್ಲಿ ಮನೆಮನೆಗೆ ಹೋಗಿ ಮಕ್ಕಳನ್ನ ನೋಡೋ ವೈದ್ಯೆಯಾಗಿದ್ದರು. ಯಹೂದಿ ಕುಟುಂಬ. ಯುದ್ಧದ ಕಾಲದಲ್ಲಿ ಅವರ ಕುಟುಂಬ ಉಳಿದದ್ದು ಅವರು ನೋಡಿಕೊಳ್ತಿದ್ದ ಮಕ್ಕಳ ತಂದೆತಾಯಿಯರ ನೆರವಿನಿಂದ. 1946ರಲ್ಲಿ ಲೋತ್ಸಿ ಅನ್ನೋ ಬೀದಿಯಲ್ಲಿ ತಬ್ಬಲಿ ಕೂಸುಗಳಿಗೆ ಒಂದು ಮನೆ ಶುರುಮಾಡಿದರು.

ಅವರ ನಿಯಮ ಒಂದೇ ವಾಕ್ಯದ್ದು: ಮಗು ತಾನಾಗಿ ಬರಲಾರದ ಭಂಗಿಯಲ್ಲಿ ಅದನ್ನ ಇಡಬೇಡಿ. ಕೂರೋಕೆ ಬರದ ಮಗುವನ್ನ ದಿಂಬು ಒರಗಿಸಿ ಕೂರಿಸಬೇಡಿ. ನಿಲ್ಲೋಕೆ ಬರದ ಮಗುವಿನ ಕೈ ಹಿಡಿದು ನಿಲ್ಲಿಸಬೇಡಿ. ಗಟ್ಟಿ ನೆಲ, ಸಡಿಲ ಬಟ್ಟೆ, ಬೇಕಾದಷ್ಟು ಜಾಗ ಕೊಡಿ. ಅಂಗಾತ ಮಲಗಿಸಿ, ಅದು ಪಕ್ಕಕ್ಕೆ ಹೊರಳುತ್ತೆ, ಬೋರಲಾಗುತ್ತೆ, ತೆವಳುತ್ತೆ, ಮೊಣಕೈ ಊರಿ ಅರ್ಧ ಕೂರುತ್ತೆ, ಆಮೇಲೆ ಪೂರ್ತಿ ಕೂರುತ್ತೆ. ನಾವು ಲೆಕ್ಕಕ್ಕೇ ಇಡದ ಈ ನಡುವಿನ ಭಂಗಿಗಳನ್ನ ಪಿಕ್ಲರ್ ಗಂಟೆಗಟ್ಟಲೆ ನೋಡಿ ಬರೆದಿಟ್ಟರು. ಲೋತ್ಸಿಯ 700ಕ್ಕೂ ಹೆಚ್ಚು ಮಕ್ಕಳ ದಾಖಲೆ ಅವರ ಹತ್ತಿರ ಇತ್ತು. ಯಾರೂ ಕೂರಿಸದಿದ್ದರೂ ಮಕ್ಕಳು ಕೂತರು, ಯಾರೂ ನಡೆಸದಿದ್ದರೂ ನಡೆದರು.

ಈಗ ಟೆಹರಾನನ್ನ ಪಕ್ಕಕ್ಕಿಟ್ಟು ನೋಡಿ. ಅಲ್ಲೂ ಮಕ್ಕಳನ್ನ ಅಂಗಾತ ಮಲಗಿಸ್ತಿದ್ದರು, ಇಲ್ಲೂ. ಅಲ್ಲೂ ಯಾರೂ ನಡಿಗೆ ಕಲಿಸಲಿಲ್ಲ, ಇಲ್ಲೂ. ವ್ಯತ್ಯಾಸ ಎಲ್ಲಿ ಅಂದರೆ, ಲೋತ್ಸಿಯಲ್ಲಿ ಮಗುವಿಗೆ ತನ್ನದೇ ಅಂತ ಗೊತ್ತಿರೋ ದಾದಿ ಇದ್ದಳು. ಡೈಪರ್ ಬದಲಿಸುವಾಗ, ಸ್ನಾನ ಮಾಡಿಸುವಾಗ ಅವಸರ ಮಾಡದೆ, ಮಗುವಿನ ಮುಖ ನೋಡಿ, ‘ಈಗ ಕೈ ಎತ್ತಮ್ಮ’ ಅಂತ ಮಾತಾಡಿಸ್ತಾ ಮಾಡಬೇಕು ಅನ್ನೋದು ಅಲ್ಲಿ ಕಟ್ಟುನಿಟ್ಟು. ಆ ಹತ್ತು ನಿಮಿಷ ತುಂಬಿಕೊಂಡ ಮಗು ಆಮೇಲೆ ನೆಲದ ಮೇಲೆ ತಾನೇ ಒಂದು ಗಂಟೆ ಆಡುತ್ತೆ. ತೊಟ್ಟಿಲು ಇಲ್ಲ, ನೆಲ ಇದೆ. ಬಿಟ್ಟುಬಿಡೋದಕ್ಕೂ ಬಿಡುವು ಕೊಡೋದಕ್ಕೂ ಇರೋ ಅಂತರ ಇಷ್ಟೇ.

ಇವತ್ತು ಆನ್‌ಲೈನಿನಲ್ಲಿ ‘ಪಿಕ್ಲರ್ ಟ್ರಯಾಂಗಲ್’ ಅಂತ ಮರದ ಏಣಿಯನ್ನ ಸಾವಿರಾರು ರೂಪಾಯಿಗೆ ಮಾರ್ತಾರೆ. ಚೆನ್ನಾಗಿರುತ್ತೆ, ಇರಲಿ. ಆದರೆ ಅದನ್ನ ಕೊಂಡರೆ ಪಿಕ್ಲರ್ ಸಿಕ್ಕ ಹಾಗಲ್ಲ. ಗಟ್ಟಿ ಚಾಪೆ, ಅದರ ಮೇಲೊಂದು ಜಮಖಾನ ನಿಮ್ಮ ಮನೆಯಲ್ಲೇ ಇದೆ.

7/9

ಪಿಕ್ಲರ್ ಮಾತನ್ನೇ ವೇದವಾಕ್ಯ ಮಾಡಿಕೊಳ್ಳೋದೂ ಬೇಡ. ಅವರ ನಿಯಮವನ್ನ ಕೀನ್ಯಾದ ತಾಯಂದಿರು ಕೇಳಿದ್ದರೆ ನಕ್ಕುಬಿಡ್ತಿದ್ದರು.

1950ರ ದಶಕದಲ್ಲಿ ಮಾರ್ಸೆಲ್ ಗೆಬೆರ್ ಅನ್ನೋ ಫ್ರೆಂಚ್ ವಿಜ್ಞಾನಿ ಉಗಾಂಡಾದ ಮಕ್ಕಳು ಯುರೋಪಿನ ಮಕ್ಕಳಿಗಿಂತ ಬೇಗ ಕೂರ್ತಾರೆ, ನಡೀತಾರೆ ಅಂತ ವರದಿ ಮಾಡಿದರು. ಅದು ಅವರ ರಕ್ತದಲ್ಲೇ ಬಂದದ್ದು ಅಂತ ಕೆಲವರು ಷರಾ ಬರೆದರು. 1976ರಲ್ಲಿ ಚಾರ್ಲ್ಸ್ ಸೂಪರ್ ಕೀನ್ಯಾದ ಕಿಪ್ಸಿಗಿಸ್ ಜನರ ಮನೆಗಳಲ್ಲಿ ಏನು ನಡೆಯುತ್ತೆ ಅಂತ ಕೂತು ನೋಡಿದರು. ಅಲ್ಲಿ ತಾಯಂದಿರು ಬೇಕಂತಲೇ ಕಲಿಸ್ತಿದ್ದರು. ನೆಲದಲ್ಲಿ ಚಿಕ್ಕ ಗುಂಡಿ ತೋಡಿ, ಬಟ್ಟೆ ಸುತ್ತಿ ಆಸರೆ ಮಾಡಿ, ಮಗುವನ್ನ ಅದರಲ್ಲಿ ಕೂರಿಸ್ತಿದ್ದರು. ನಡೆಯೋದನ್ನೂ ಹೀಗೇ ದಿನಾ ಅಭ್ಯಾಸ ಮಾಡಿಸ್ತಿದ್ದರು. ಆ ಮಕ್ಕಳು ಕೂರೋದು, ನಡೆಯೋದು ಸುಮಾರು ಒಂದು ತಿಂಗಳು ಮುಂದೆ ಇತ್ತು. ಅಂಬೆಗಾಲು? ಅದನ್ನ ಯಾರೂ ಕಲಿಸ್ತಿರಲಿಲ್ಲ, ಅದು ಬೇಗ ಬರಲೂ ಇಲ್ಲ. ರಕ್ತದ ಮಾತು ಅಲ್ಲಿಗೆ ಮುಗೀತು.

ಈಗ ನಮ್ಮ ಬಚ್ಚಲಮನೆ. ನೀರು ಹಾಕೋ ಅಜ್ಜಿ ಕಾಲು ನೀಡಿ ಮಣೆ ಮೇಲೆ ಕೂತು, ಮಗುವನ್ನ ಕಾಲ ಮೇಲೆ ಮಲಗಿಸಿ ಎಣ್ಣೆ ಹಚ್ಚಿ ತಿಕ್ಕೋದು, ಆಮೇಲೆ ಬೋರಲು ಹಾಕಿ ಬೆನ್ನಿಗೆ ಬಿಸಿನೀರು ಹೊಯ್ಯೋದು. ಆ ಬೋರಲು ಹೊತ್ತಿನಲ್ಲಿ ಮಗು ತಲೆ ಎತ್ತೋಕೆ ನೋಡುತ್ತಲ್ಲ, ಇವತ್ತಿನ ಡಾಕ್ಟರು ‘ಟಮ್ಮಿ ಟೈಮ್’ ಅನ್ನೋದು ಹೆಚ್ಚುಕಮ್ಮಿ ಅದನ್ನೇ. ಫ್ರಾನ್ಸಿನ ಪ್ರಸೂತಿ ತಜ್ಞ ಫ್ರೆಡೆರಿಕ್ ಲೆಬೊಯೆ ಕೋಲ್ಕತ್ತದ ಬಡ ಬಡಾವಣೆಯಲ್ಲಿ ಒಬ್ಬ ತಾಯಿ ಮಗುವಿಗೆ ಎಣ್ಣೆ ತಿಕ್ಕೋದನ್ನ ನೋಡಿ ಬೆರಗಾಗಿ, 1976ರಲ್ಲಿ ಫೋಟೋಗಳ ಪುಸ್ತಕ ಮಾಡಿದರು. ಅದರ ಹೆಸರು ಆ ತಾಯಿಯದೇ: ಶಾಂತಲಾ. (ನಮಗೆ ಬೇಲೂರು ನೆನಪಾಗುತ್ತೆ, ಇವರು ಬೇರೆ.) ಪಶ್ಚಿಮದ ದೇಶಗಳಲ್ಲಿ ಮಗುವಿನ ಮಾಲೀಶ್ ಕ್ಲಾಸುಗಳು ಹಬ್ಬಿದ್ದರಲ್ಲಿ ಆ ಪುಸ್ತಕದ ಪಾಲು ದೊಡ್ಡದು.

ಅಜ್ಜಿಯ ಎಲ್ಲವನ್ನೂ ಒಪ್ಪಬೇಕಾಗಿಲ್ಲ. ಕಿವಿ ಮೂಗಿಗೆ ಎಣ್ಣೆ ಬಿಡೋದು, ಎಳೆ ಮಗುವಿನ ಮೊಲೆ ಹಿಂಡೋದು, ಕಾಲು ಹಿಡಿದು ತಲೆಕೆಳಗೆ ತೂಗಾಡಿಸೋದು ಬೇಡವೇ ಬೇಡ. ಇದನ್ನ ಹೇಳೋಕೆ ಸೊಸೆಗೆ ಕಷ್ಟ ಆದರೆ ಡಾಕ್ಟರ ಬಾಯಲ್ಲಿ ಹೇಳಿಸಿ, ಅತ್ತೆಯವರು ಕೇಳ್ತಾರೆ.

8/9

ಚಿಕ್ಕ ಭಾಗ. 1950ರ ದಶಕದ ಕೊನೆಯಿಂದ ಪಶ್ಚಿಮದ ದೇಶಗಳಲ್ಲಿ ಮಗುವನ್ನ ಬೋರಲು ಮಲಗಿಸಿ ನಿದ್ದೆ ಮಾಡಿಸಿ ಅನ್ನೋ ಸಲಹೆ ಹಬ್ಬಿತು. ಲಕ್ಷಾಂತರ ಮನೆಯಲ್ಲಿ ಇದ್ದ ಡಾ. ಸ್ಪಾಕ್ ಅವರ ಪುಸ್ತಕವೂ ಅದನ್ನೇ ಹೇಳ್ತಿತ್ತು. ವಾಂತಿಯಾದರೆ ಉಸಿರುಗಟ್ಟದಿರಲಿ ಅಂತ ಒಳ್ಳೇ ಉದ್ದೇಶವೇ. ಆದರೆ ಬೋರಲು ಮಲಗಿದ ಮಕ್ಕಳಲ್ಲಿ ನಿದ್ದೆಯಲ್ಲೇ ಆಗೋ ಹಠಾತ್ ಸಾವು ಹೆಚ್ಚು ಅಂತ ಆಮೇಲೆ ಗೊತ್ತಾಯ್ತು. 1991ರಲ್ಲಿ ಬ್ರಿಟನ್, ನ್ಯೂಜಿಲೆಂಡ್, 1994ರಲ್ಲಿ ಅಮೆರಿಕ ‘ಅಂಗಾತ ಮಲಗಿಸಿ’ ಅನ್ನೋ ಪ್ರಚಾರ ನಡೆಸಿದವು. ಈ ಸಾವುಗಳು ಅರ್ಧಕ್ಕಿಂತಲೂ ಕಡಿಮೆಯಾದವು.

ಹಗಲೂ ರಾತ್ರಿ ಅಂಗಾತವೇ ಇರೋ ಮಕ್ಕಳಿಗೆ ತಲೆಯ ಹಿಂಭಾಗ ಚಪ್ಪಟೆಯಾಗೋದು, ಹೊರಳೋದು ತೆವಳೋದು ಸ್ವಲ್ಪ ತಡ ಆಗೋದು ಕಂಡಿತು. ನಡೆಯೋದು ಮಾತ್ರ ಸರಿಯಾದ ಹೊತ್ತಿಗೇ ಬಂತು. ಅದಕ್ಕೆ ಪರಿಹಾರವಾಗಿ ಬಂದದ್ದು ಟಮ್ಮಿ ಟೈಮ್: ನಿದ್ದೆಗೆ ಅಂಗಾತ, ಎಚ್ಚರ ಇದ್ದಾಗ ನಿಮ್ಮ ಕಣ್ಣೆದುರು ಬೋರಲು. ಮೊದಮೊದಲು ದಿನಕ್ಕೆ ಎರಡು ಮೂರು ಸಲ, ಮೂರು ಮೂರು ನಿಮಿಷ. ಅತ್ತರೆ ನಿಮ್ಮ ಎದೆ ಮೇಲೆ ಹಾಕಿಕೊಳ್ಳಿ, ಅದೂ ಲೆಕ್ಕಕ್ಕೆ ಬರುತ್ತೆ. ಇನ್ನೂ ಓಡಾಡದ ಮಗುವಿಗೆ ದಿನದಲ್ಲಿ ಒಟ್ಟು 30 ನಿಮಿಷವಾದರೂ ಇದು ಇರಲಿ, ಒಂದೇ ಸಲಕ್ಕೆ ಒಂದು ಗಂಟೆಗಿಂತ ಹೆಚ್ಚು ಕುರ್ಚಿಗೋ ಗಾಡಿಗೋ ಕಟ್ಟಿ ಕೂರಿಸಬೇಡಿ ಅಂತ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿತು.

9/9

ಕೊನೆಗೂ ಆ ಪಟ್ಟಿಯನ್ನ ಸರಿಮಾಡಿದ್ದು ಯಾರು? 2006ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ. ಘಾನಾ, ಭಾರತ, ನಾರ್ವೆ, ಒಮಾನ್, ಅಮೆರಿಕ, ಐದು ದೇಶದ 816 ಮಕ್ಕಳು. ಭಾರತದ ಮಕ್ಕಳು ದೆಹಲಿಯವರು. ಇವರು ಒಂದು ತಿಂಗಳಿನ ಹೆಸರು ಹೇಳಲಿಲ್ಲ, ‘ಇಲ್ಲಿಂದ ಇಲ್ಲಿಯ ತನಕ’ ಅಂದರು. ಆಸರೆ ಇಲ್ಲದೆ ಕೂರೋದು: 3.8ರಿಂದ 9.2 ತಿಂಗಳು. ಕೈ ಮಂಡಿ ಊರಿ ಅಂಬೆಗಾಲು: 5.2ರಿಂದ 13.5. ತಾನಾಗಿ ನಡೆಯೋದು: 8.2ರಿಂದ 17.6. ಹೌದು, ಎಂಟನೇ ತಿಂಗಳಿಗೆ ನಡೆದ ಮಗುವೂ ಹದಿನೇಳನೇ ತಿಂಗಳಿಗೆ ನಡೆದ ಮಗುವೂ ಆರೋಗ್ಯವಂತ ಮಕ್ಕಳೇ. ನೂರಕ್ಕೆ ನಾಲ್ಕು ಮಕ್ಕಳು ಅಂಬೆಗಾಲೇ ಇಡಲಿಲ್ಲ. 2022ರಲ್ಲಿ ಅಮೆರಿಕದ ಸಿಡಿಸಿ ತನ್ನ ಪಟ್ಟಿಯಿಂದ ಅಂಬೆಗಾಲನ್ನೇ ತೆಗೆದುಹಾಕಿತು. ಫಿಸಿಯೋಥೆರಪಿಯವರು ಜಗಳ ಮಾಡಿದರು, ಇನ್ನೂ ಮಾಡ್ತಿದ್ದಾರೆ.

ನಮ್ಮ ದೇಶದಲ್ಲೇ ಆದ ಕೆಲಸವೂ ಇದೆ. ಬರೋಡಾದಲ್ಲಿ ಪ್ರಮೀಳಾ ಫಾಟಕ್ ಭಾರತದ ಮಕ್ಕಳನ್ನೇ ನೋಡಿ ಅಳತೆ ಸಿದ್ಧಪಡಿಸಿದರು, ಇವತ್ತಿಗೂ ಆಸ್ಪತ್ರೆಗಳಲ್ಲಿ ಬಳಸ್ತಾರೆ. ಅದರಿಂದ 17 ಅಂಶ ಆರಿಸಿ ತಿರುವನಂತಪುರದಲ್ಲಿ ಮಾಡಿದ ಚಿಕ್ಕ ಚಾರ್ಟನ್ನ ಅಂಗನವಾಡಿ ಕಾರ್ಯಕರ್ತೆಯೂ ಬಳಸಬಹುದು.

ಇಷ್ಟು ಓದಿ ‘ಹಾಗಾದರೆ ಕಾಯೋಣ’ ಅಂತ ಎಲ್ಲದಕ್ಕೂ ಅಂದುಬಿಡಬೇಡಿ. ‘ನಮ್ಮ ವಂಶದಲ್ಲಿ ಎಲ್ಲರೂ ತಡವೇ’ ಅಂತ ಎರಡು ವರ್ಷ ಕಾದು, ಆಮೇಲೆ ಸೆರೆಬ್ರಲ್ ಪಾಲ್ಸಿ ಅಂತ ಗೊತ್ತಾದ ಮನೆಗಳಿವೆ. ಆರನೇ ತಿಂಗಳಿಗೇ ಶುರುವಾಗಬಹುದಾಗಿದ್ದ ಚಿಕಿತ್ಸೆಯ ಕಾಲ ಅಲ್ಲಿ ಕಳೆದುಹೋಗಿರುತ್ತೆ. ನಾಲ್ಕು ತಿಂಗಳಾದರೂ ಕತ್ತು ನಿಲ್ಲದಿದ್ದರೆ, ಒಂಬತ್ತು ತಿಂಗಳು ದಾಟಿದರೂ ಕೂರದಿದ್ದರೆ, ಒಂದೂವರೆ ವರ್ಷಕ್ಕೂ ನಡೆಯದಿದ್ದರೆ ತೋರಿಸಿ. ಮೈ ಕಟ್ಟಿಗೆಯ ಹಾಗೆ ಬಿಗಿಯಾಗಿದ್ದರೆ ಅಥವಾ ಬಟ್ಟೆಯ ಹಾಗೆ ಜೋಲ್ತಿದ್ದರೆ, ವರ್ಷ ತುಂಬೋ ಮೊದಲೇ ಒಂದೇ ಕೈ ಬಳಸ್ತಿದ್ದರೆ ತೋರಿಸಿ. ಬರ್ತಿದ್ದದ್ದು ನಿಂತುಹೋದರೆ ಯಾವ ವಯಸ್ಸಾದರೂ ಸರಿ, ನಾಳೆಗೆ ಅಂತ ಇಡಬೇಡಿ. ದಿನ ತುಂಬೋ ಮೊದಲೇ ಹುಟ್ಟಿದ ಮಗು ಆದರೆ ಹುಟ್ಟಿದ ದಿನದಿಂದಲ್ಲ, ಡಾಕ್ಟರು ಕೊಟ್ಟಿದ್ದ ಹೆರಿಗೆ ತಾರೀಕಿನಿಂದ ತಿಂಗಳು ಎಣಿಸಿ.

2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಇಂಥ ಮಕ್ಕಳನ್ನ ನೋಡೋಕೆ ಜಿಲ್ಲಾ ಮಟ್ಟದಲ್ಲಿ ‘ಡಿಇಐಸಿ’ ಅನ್ನೋ ಕೇಂದ್ರಗಳನ್ನ ಮಾಡಿದ್ದಾರೆ, ಅಲ್ಲಿ ದುಡ್ಡು ಕೊಡಬೇಕಾಗಿಲ್ಲ. ಆಶಾ ಕಾರ್ಯಕರ್ತೆಯನ್ನ ಕೇಳಿದರೆ ದಾರಿ ಹೇಳ್ತಾರೆ. ಹೋಗುವಾಗ ತಾಯಿ ಕಾರ್ಡು ಇರಲಿ. ಜೊತೆಗೆ ಮಗು ಮನೆಯಲ್ಲಿ ಜಮಖಾನದ ಮೇಲೆ ಹೇಗೆ ಹೊರಳುತ್ತೆ, ಯಾವ ಕೈ ಊರುತ್ತೆ, ಹೇಗೆ ಏಳೋಕೆ ನೋಡುತ್ತೆ ಅನ್ನೋ ಎರಡು ನಿಮಿಷದ ವಿಡಿಯೋ ಫೋನಲ್ಲಿ ಮಾಡಿಕೊಂಡು ಹೋಗಿ. ಆಸ್ಪತ್ರೆಯ ಮೇಜಿನ ಮೇಲೆ ಮಗು ಅಳ್ತಾ ಮುದುಡಿಕೊಂಡರೆ ಡಾಕ್ಟರಿಗೆ ಏನೂ ಕಾಣಲ್ಲ.